ಹೂಳಿನ ಮೇಲೆ ಬೆಳೆದ ಸಬಾ

ಕ್ರಿ.ಶ. 548ರಲ್ಲಿ ಯೆಮೆನ್‌ನ ಮಾರಿಬ್ ಪಟ್ಟಣದಲ್ಲಿ ಅಬ್ರಹ ಎಂಬ ದೊರೆ ಒಂದು ಕಲ್ಲುಕಂಬ ನಿಲ್ಲಿಸಿ, ಅದರ ನಾಲ್ಕೂ ಮುಖಕ್ಕೆ ಶಾಸನ ಕೆತ್ತಿಸಿದ. ಅವನು ಆ ಸೀಮೆಯವನಲ್ಲ. ಕೆಂಪು ಸಮುದ್ರದ ಆಚೆ ದಡದ ಅಕ್ಸುಮ್ ರಾಜ್ಯದ ದಂಡಿನ ಜೊತೆ ಬಂದು, ಇಲ್ಲೇ ಉಳಿದು ಪಟ್ಟಕ್ಕೇರಿದ ಕ್ರೈಸ್ತ ದಂಡನಾಯಕ. ಶಾಸನ ಶುರುವಾಗುವುದು ದೇವರು, ಅವನ ಮೆಸ್ಸೀಯ, ಪವಿತ್ರಾತ್ಮ ಇವರ ಹೆಸರಿನಿಂದ. ಭಾಷೆ ಮಾತ್ರ ಮಾರಿಬ್ ಕಣಿವೆಯಲ್ಲಿ ಹಿಂದೆ ರಾಜ್ಯ ಕಟ್ಟಿದ್ದ ಸಬಾ ಜನರದ್ದು. ಆ ಕಣಿವೆಯ ಕಲ್ಲುಗಳ ಮೇಲೆ ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನಿಂದ ಕೆತ್ತುತ್ತ ಬಂದಿದ್ದ ಲಿಪಿಯಲ್ಲೇ ಹೊರಗಿನಿಂದ ಬಂದ ದೊರೆಯೂ ತನ್ನ ಮಾತು ಬರೆಸಿದ.

ಶಾಸನದ ವರದಿ ಹೀಗಿದೆ. ಕಿಂದಾ ಕುಲದವನೊಬ್ಬ, ಅಬ್ರಹನೇ ಅಧಿಕಾರ ಕೊಟ್ಟು ಕೂರಿಸಿದವನು, ತಿರುಗಿಬಿದ್ದ. ದಂಡು ಹೊರಟಿತು. ಅಷ್ಟರಲ್ಲಿ ಮಾರಿಬ್‌ನ ಏರಿ ಒಡೆದ ಸುದ್ದಿ ಬಂತು. ದಂಗೆ ಎದ್ದವನು ಶರಣಾದ. ದೊರೆ ಕುಲಕುಲಗಳಿಗೆ ಹೇಳಿಕಳಿಸಿ ಜನ ಕೂಡಿಸಿದ. ಕೆಲಸ ನಡೆದಿರುವಾಗಲೇ ಊರಿಗೆ ಮಾರಿ ಹೊಕ್ಕಿತು. ರೋಮಿನ ಚಕ್ರವರ್ತಿ ಜಸ್ಟೀನಿಯನ್ ಕಾಲದಲ್ಲಿ ಮೆಡಿಟರೇನಿಯನ್ ಸುತ್ತಲ ಊರುಗಳನ್ನು ಬರಿದುಮಾಡಿದ ಪ್ಲೇಗೇ ಇದು ಎಂದು ಇತಿಹಾಸಕಾರರಲ್ಲಿ ಹಲವರ ಊಹೆ. ಕೂಡಿದ್ದ ಜನರನ್ನು ಅವರವರ ಊರಿಗೆ ಬಿಟ್ಟುಕೊಟ್ಟು, ರೋಗ ಇಳಿದ ಮೇಲೆ ಮತ್ತೆ ಕರೆಸಿ, ಅಬ್ರಹ ಏರಿಯನ್ನು ಕಟ್ಟಿ ಮುಗಿಸಿದ. ಆ ನಡುವೆ ಅವನಲ್ಲಿಗೆ ಬಂದ ರಾಯಭಾರಿಗಳ ಪಟ್ಟಿಯೂ ಇದೆ: ಅಕ್ಸುಮ್‌ನ ದೊರೆಯ ಕಡೆಯವರು, ರೋಮಿನ ಚಕ್ರವರ್ತಿಯ ಕಡೆಯವರು, ಪರ್ಷಿಯಾದವರು, ಉತ್ತರದ ಅರಬ್ಬೀ ಪಾಳೆಯಗಾರರಾದ ಮುಂದಿರ್ ಮತ್ತು ಹಾರಿಸ್ ಎಂಬವರ ಕಡೆಯವರು. ಕೊನೆಗೆ ಖರ್ಚಿನ ಲೆಕ್ಕ. 50,806 ಅಳತೆ ಹಿಟ್ಟು, 26,000 ಅಳತೆ ಖರ್ಜೂರ, ಕಡಿದದ್ದು 3,000 ದನ, 7,200 ಆಡು-ಕುರಿ. ದೊರೆಯ ಪರಾಕು ಹಾಡುವ ಶಾಸನದ ಒಳಗೊಬ್ಬ ಉಗ್ರಾಣದ ಕರಣಿಕ ಕೂತು 806ನ್ನೂ ಬಿಡದೆ ಬರೆದಂತಿದೆ. ಸಬಾದ ಚರಿತ್ರೆ ಓದಲು ನನಗೆ ಈ ಕರಣಿಕನಷ್ಟು ಒಳ್ಳೆಯ ಜೊತೆಗಾರ ಬೇರೆ ಸಿಕ್ಕಿಲ್ಲ.

ಮಾರಿಬ್ ಇರುವುದು ಯೆಮೆನ್‌ನ ಎತ್ತರದ ಬೆಟ್ಟಸಾಲು ಇಳಿದು ಮರಳುಗಾಡು ಶುರುವಾಗುವ ಅಂಚಿನಲ್ಲಿ. ಅಲ್ಲಿ ಬೆಳೆ ತೆಗೆಯುವಷ್ಟು ಮಳೆಯೇ ಬೀಳುವುದಿಲ್ಲ. ಆದರೆ ಪಶ್ಚಿಮದ ಬೆಟ್ಟಗಳಲ್ಲಿ ವರ್ಷಕ್ಕೆರಡು ಬಾರಿ, ವಸಂತದಲ್ಲೊಮ್ಮೆ ಬೇಸಿಗೆಯ ಕೊನೆಯಲ್ಲೊಮ್ಮೆ, ಮಳೆ ಸುರಿಯುತ್ತದೆ. ಸುಮಾರು 10,000 ಚದರ ಕಿಲೋಮೀಟರ್ ಸೀಮೆಯ ನೀರು ಧನಾ ಎಂಬ ಒಣಹೊಳೆಗೆ ನುಗ್ಗಿ, ಬಲಕ್ ಬೆಟ್ಟಗಳ ನಡುವಿನ ಕಣಿವೆ ಬಾಯಿಂದ ಹೊರಬೀಳುತ್ತದೆ. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಆಮೇಲೆ ಮತ್ತೆ ಒಣಗಿದ ಪಾತ್ರ. ಆ ಹೊತ್ತಿನಲ್ಲಿ ನೀರನ್ನು ಗದ್ದೆಗೆ ತಿರುಗಿಸಿಕೊಂಡವನಿಗೆ ಅನ್ನ, ಕೈಬಿಟ್ಟವನಿಗೆ ಮರಳು.

ಅದಕ್ಕಾಗಿ ಕಟ್ಟಿದ ಏರಿಯ ಉದ್ದ ಸುಮಾರು 600 ಮೀಟರ್. ಒಡಲು ಮಣ್ಣಿನದು, ಮೇಲೆ ಕಲ್ಲಿನ ಹೊದಿಕೆ. ಎರಡೂ ತುದಿಯಲ್ಲಿ ಬಂಡೆಗೆ ಕಚ್ಚಿಸಿ ಕಟ್ಟಿದ ಭಾರೀ ತೂಬುಗಳು. ಉತ್ತರದ ತೂಬಿನಿಂದ ಹೊರಟ ನಾಲೆ ಒಂದು ಅಚ್ಚುಕಟ್ಟಿಗೆ, ದಕ್ಷಿಣದ್ದು ಇನ್ನೊಂದಕ್ಕೆ. ಎರಡೂ ಸೇರಿ ಸುಮಾರು 9,600 ಹೆಕ್ಟೇರ್. ಕುರ್‌ಆನಿನ 34ನೆಯ ಅಧ್ಯಾಯದ ಹೆಸರೇ ಸಬಾ. ಬಲಕ್ಕೊಂದು ಎಡಕ್ಕೊಂದು ತೋಟವಿದ್ದ ಜನರೆಂದು ಅಲ್ಲಿ ಹೇಳಿರುವುದು ಇವರನ್ನೇ. ನೀರು ಕೂಡಿಟ್ಟು ವರ್ಷವಿಡೀ ಬಿಡುವ ಜಲಾಶಯ ಇದಾಗಿರಲಿಲ್ಲ. ನುಗ್ಗಿ ಬಂದ ನೀರನ್ನು ತಡೆದು ನಾಲೆಯ ಮಟ್ಟಕ್ಕೆ ಎತ್ತಿಕೊಡುವುದಷ್ಟೇ ಇದರ ಕೆಲಸ. ಮಿಕ್ಕದ್ದು ಕೋಡಿ ಹರಿದು ಮರಳಿಗೆ.

ತೊಂದರೆ ಇದ್ದದ್ದು ಹೂಳಿನಲ್ಲಿ. ಪ್ರತಿ ಪ್ರವಾಹವೂ ಗದ್ದೆಯ ಮೇಲೊಂದು ತೆಳ್ಳನೆಯ ಮಣ್ಣಿನ ಪದರ ಬಿಟ್ಟುಹೋಗುತ್ತಿತ್ತು. ಬೆಳೆಗೆ ಅದು ವರವೇ. ಆದರೆ ವರ್ಷಕ್ಕೆ ಒಂದು ಸೆಂಟಿಮೀಟರ್ ಏರಿದರೂ ನೂರು ವರ್ಷಕ್ಕೆ ಗದ್ದೆ ಒಂದು ಮೀಟರ್ ಮೇಲೆ ಹೋಗುತ್ತದೆ. ಆಗ ನೀರು ಹತ್ತುವುದಿಲ್ಲ. ನಾಲೆ ಎತ್ತರಿಸಬೇಕು, ತೂಬು ಎತ್ತರಿಸಬೇಕು, ಅದಕ್ಕೆ ತಕ್ಕಂತೆ ಏರಿಯನ್ನೂ ಎತ್ತರಿಸಬೇಕು. ಏರಿ ಎತ್ತರವಾದಷ್ಟೂ ಅದರ ಮೇಲಿನ ಒತ್ತಡ ಹೆಚ್ಚು, ಒಡೆದರೆ ಹಾನಿಯೂ ಹೆಚ್ಚು. ಮಾರಿಬ್‌ನ ಹಳೆಯ ಅಚ್ಚುಕಟ್ಟಿನಲ್ಲಿ ಹೀಗೆ ಕೂತ ಹೂಳು ಕೆಲವೆಡೆ 30 ಮೀಟರ್ ದಪ್ಪವಿದೆ. ಅದರ ತಳದ ಪದರಗಳು ಕ್ರಿ.ಪೂ. ಮೂರನೆಯ ಸಹಸ್ರಮಾನದವು, ಅಂದರೆ ಸಬಾ ಎಂಬ ಹೆಸರು ಕಲ್ಲಿನ ಮೇಲೆ ಕಾಣಿಸುವುದಕ್ಕೂ ಸಾವಿರಕ್ಕಿಂತ ಹೆಚ್ಚು ವರ್ಷ ಮೊದಲಿನವು. ಈ ಜನ ತಮ್ಮ ಹೊಲವನ್ನು ಬರೀ ಉಳಲಿಲ್ಲ, ತಾವೇ ತಯಾರಿಸಿದರು. ಏರಿ ಕಟ್ಟಿದವರೆಂದು ಸುಮುಹುಅಲಿ, ಅವನ ಮಗ ಯಸಅಅಮರ್ ಎಂಬ ಇಬ್ಬರು ಅರಸರ ಹೆಸರನ್ನು ಪುಸ್ತಕಗಳು ಹೇಳುತ್ತವೆ. ಅವರ ಶಾಸನ ಅಲ್ಲಿದೆ, ನಿಜ. ಆದರೆ ಹಿಂದಿನವರು ಮಾಡಿದ್ದರ ಮೇಲೆ ಮುಂದಿನವರು ಪದರ ಹಾಕುತ್ತ ಹೋದ ಕೆಲಸಕ್ಕೆ ಒಬ್ಬಿಬ್ಬರ ಹೆಸರು ಅಂಟಿಸುವುದು ಅರಸರ ಚಾಳಿ.

ಅರಸರ ಚಾಳಿಯ ಮಾತು ಬಂದ ಮೇಲೆ ಕರಿಬ್‌ಇಲ್ ವತರನನ್ನು ಬಿಡುವಂತಿಲ್ಲ. ಮಾರಿಬ್‌ನ ಪಶ್ಚಿಮಕ್ಕೆ, ಸಿರ್ವಾಹ್ ಊರಿನ ದೇವಾಲಯದಲ್ಲಿ ಅವನ ದಂಡಯಾತ್ರೆಗಳ ದೊಡ್ಡ ಶಾಸನವಿದೆ. ಕ್ರಿ.ಪೂ. 7ನೆಯ ಶತಮಾನದ ಮೊದಲ ಭಾಗದ್ದು. ಎಂಟು ದಂಡಯಾತ್ರೆ, ಔಸಾನ್ ರಾಜ್ಯವೊಂದರಲ್ಲೇ 16,000 ಜನರನ್ನು ಕೊಂದು 40,000 ಜನರನ್ನು ಸೆರೆಹಿಡಿದೆನೆಂಬ ಜಂಬ. ಸಂಖ್ಯೆಗಳನ್ನು ಎಷ್ಟು ನಂಬಬೇಕೋ ಅಷ್ಟೇ ನಂಬೋಣ. ಆದರೆ ಆ ಮನುಷ್ಯ ಇದ್ದದ್ದಂತೂ ನಿಜ, ಸಾಕ್ಷಿ ಸಾವಿರಕ್ಕೂ ಹೆಚ್ಚು ಮೈಲಿ ದೂರದಲ್ಲಿದೆ: ಕ್ರಿ.ಪೂ. 685ರ ಸುಮಾರಿಗೆ ಅಸ್ಸೀರಿಯಾದ ಸೆನ್ನಾಕೆರಿಬ್ ಹೊಸವರ್ಷದ ಹಬ್ಬದ ಮಂದಿರ ಕಟ್ಟಿಸುವಾಗ ಅಡಿಪಾಯಕ್ಕೆ ಕಾಣಿಕೆ ಕಳಿಸಿದವರಲ್ಲಿ ‘ಸಬಾದ ದೊರೆ ಕರಿಬಿಲು’ ಸೇರಿದ್ದಾನೆ. ಅದಕ್ಕೂ ಮೂರು ದಶಕ ಮೊದಲು ಅದೇ ಅಸ್ಸೀರಿಯಾದ ದೊರೆ ಸಾರ್ಗೋನನಿಗೆ ಚಿನ್ನ, ಕುದುರೆ, ಒಂಟೆಗಳ ಜೊತೆ ಕಾಣಿಕೆ ಸಲ್ಲಿಸಿದವರಲ್ಲಿ ಇತಅಮ್ರ ಎಂಬ ಸಬಾದವನಿದ್ದ. ಅಸ್ಸೀರಿಯಾದವರು ಅದನ್ನು ಕಪ್ಪವೆಂದು ಬರೆದುಕೊಂಡರು. ಸಬಾದವರ ಲೆಕ್ಕದಲ್ಲಿ ಬಹುಶಃ ಅದು ವ್ಯಾಪಾರದ ದಾರಿ ತೆರೆದಿಡುವ ಖರ್ಚು. ಯುದ್ಧದ ಪಟ್ಟಿ ಮುಗಿದ ಮೇಲೆ ಸಿರ್ವಾಹ್‌ನ ಬರಹ ಕರಿಬ್‌ಇಲ್ ಯಾವ ಯಾವ ಊರಿಗೆ ಕೋಟೆಗೋಡೆ ಕಟ್ಟಿಸಿದ, ಯಾವ ನೀರಿನ ಕೆಲಸ ಮಾಡಿಸಿದ ಎಂಬ ವಿವರಕ್ಕೆ ಇಳಿಯುತ್ತದೆ.

ಆ ಕಾಲದ ದೊಡ್ಡ ಅರಸರಿಗೆ ಮುಕರ್ರಿಬ್ ಎಂಬ ಬಿರುದಿತ್ತು. ಕುಲಗಳನ್ನು ಒಂದು ದೇವರ, ಒಂದು ಒಪ್ಪಂದದ ಅಡಿಯಲ್ಲಿ ಕೂಡಿಸುವವನು ಅವನು. ಆ ದೇವರು ಅಲ್‌ಮಕಹ್. ಸಬಾದ ಜನ ತಮ್ಮನ್ನು ಅಲ್‌ಮಕಹನ ಮಕ್ಕಳೆಂದು ಕರೆದುಕೊಂಡರು. ಮಾರಿಬ್ ಹೊರಗಿನ ಅವಾಮ್ ದೇವಾಲಯ ಅವನ ಮೂಲಸ್ಥಾನ: ಅಂಡಾಕಾರದ ಭಾರೀ ಪ್ರಾಕಾರ, ಮುಂದೆ ಏಕಶಿಲೆಯ ಎಂಟು ಕಂಬ. ಹತ್ತಿರದ ಬರಾನ್ ದೇವಾಲಯದ ಆರು ಕಂಬಗಳಲ್ಲಿ ಐದು ಇಡಿಯಾಗಿ, ಒಂದು ಮುರಿದು, ಈಗಲೂ ನಿಂತಿವೆ. ಹೋರಿಯ ತಲೆ, ಕಾಡುಮೇಕೆ ಇವು ದೇವಾಲಯಗಳ ತುಂಬ. ಅಥ್ತರ್ ಎಂಬ ಇನ್ನೊಬ್ಬ ದೇವರಿಗೆ ಮಳೆಯ ಸಂಬಂಧ. ಅವನ ಹೆಸರಿನಲ್ಲಿ ಅರಸರು ವಿಧಿಪೂರ್ವಕ ಬೇಟೆಯಾಡುತ್ತಿದ್ದರು. ವರ್ಷಗಳಿಗೆ ಸಂಖ್ಯೆ ಇರಲಿಲ್ಲ. ಆಯಾ ವರ್ಷ ಅಧಿಕಾರದಲ್ಲಿದ್ದ ಗಣ್ಯನ ಹೆಸರೇ ವರ್ಷದ ಹೆಸರು. ಈಗಿನ ಇತಿಹಾಸಕಾರರಿಗೆ ಇದರಿಂದ ಬಂದ ತಲೆನೋವು ಸಣ್ಣದಲ್ಲ.

ದೇವಾಲಯಕ್ಕೆ ಕಾಣಿಕೆಯೊಪ್ಪಿಸಿದವರ ಬರಹಗಳೇ ಸಬಾ ಭಾಷೆಯ ಬಹುದೊಡ್ಡ ಭಂಡಾರ. ಇಂಥವನು, ಇಂಥ ಮನೆತನದವನು, ತನ್ನೊಡೆಯನಾದ ಅಲ್‌ಮಕಹನಿಗೆ ಈ ಕಂಚಿನ ಮೂರ್ತಿ ಒಪ್ಪಿಸಿದನು. ಏಕೆಂದರೆ ದೇವರು ಅವನನ್ನು ಕಾಯಿಲೆಯಿಂದ ಉಳಿಸಿದನು, ಯುದ್ಧದಿಂದ ಜೀವಸಹಿತ ತಂದನು, ಗಂಡುಮಗು ಕೊಟ್ಟನು. ಇನ್ನು ಮುಂದೆಯೂ ಒಳ್ಳೆಯ ಬೆಳೆ ಕೊಡಲಿ, ಹಗೆಯ ಕಣ್ಣಿನಿಂದ ಕಾಪಾಡಲಿ. ಹೆಂಗಸರು ತಮ್ಮ ಹೆಸರಿನಲ್ಲೇ ಒಪ್ಪಿಸಿದ ಕಾಣಿಕೆಗಳೂ ಇವೆ. ಅವಾಮ್‌ನಲ್ಲಿ ಸಿಕ್ಕ ಮಅದಿಕರಿಬ್‌ನ ಕಂಚಿನ ಮೂರ್ತಿ ಈ ಬಗೆಯದೇ: ಹೆಜ್ಜೆ ಮುಂದಿಟ್ಟು ನಡೆಯುತ್ತಿರುವ ಗಂಡಸು, ಬೆನ್ನ ಮೇಲೆ ಸಿಂಹದ ತೊಗಲು, ಮೈಮೇಲೇ ಅಕ್ಷರ.

ಇನ್ನೊಂದು ಜಾತಿಯ ಬರಹ ಇದಕ್ಕಿಂತ ರುಚಿಯಾದದ್ದು. ಉತ್ತರದ ಜೌಫ್ ಕಣಿವೆಯ ಕೆಲವರು ಮಾಡಿದ ತಪ್ಪನ್ನು ಒಪ್ಪಿಕೊಂಡು ಬರೆಸಿ, ಊರೆಲ್ಲ ಓದುವ ಹಾಗೆ ದೇವರ ಮುಂದೆ ಇಟ್ಟರು. ಒಬ್ಬ ನಿಷಿದ್ಧ ದಿನಗಳಲ್ಲಿ ಹೆಣ್ಣಿನ ಬಳಿ ಹೋದೆನೆಂದೂ ಸ್ನಾನ ಮಾಡದೆ, ಮೈಲಿಗೆ ಬಟ್ಟೆ ಬದಲಿಸದೆ ಇದ್ದೆನೆಂದೂ ಒಂದೊಂದಾಗಿ ಎಣಿಸಿ ಒಪ್ಪಿಕೊಂಡಿದ್ದಾನೆ. ದೇವರಿಗೆ ತಲೆಬಾಗಿ ದಂಡ ಕೊಟ್ಟ ಮೇಲೆ ಮುಗಿಯಿತು. ಎರಡು ಸಾವಿರ ವರ್ಷದ ಮೇಲೆ ಪರದೇಶದ ಪಂಡಿತರು ಅದನ್ನು ಸಂಪುಟಗಳಲ್ಲಿ ಅಚ್ಚುಹಾಕಿಸಿ ಚರ್ಚೆ ಮಾಡುತ್ತಾರೆಂದು ಆ ಬಡಪಾಯಿ ಕನಸಿನಲ್ಲೂ ನೆನೆಸಿರಲಾರ.

ಲಿಪಿಯ ಹೆಸರು ಮುಸ್ನದ್. 29 ಅಕ್ಷರ, ಎಲ್ಲವೂ ವ್ಯಂಜನ. ಅರಬ್ಬಿ, ಹೀಬ್ರೂ, ಇಥಿಯೋಪಿಯದ ಗೀಝ್ ಭಾಷೆಗಳ ಬಳಗದ್ದೇ ಈ ಭಾಷೆ. ಮೊದಲ ಕಾಲದ ಶಾಸನಗಳಲ್ಲಿ ಒಂದು ಸಾಲು ಬಲದಿಂದ ಎಡಕ್ಕೆ ಹೋದರೆ ಮುಂದಿನದು, ಸಾಲಿನ ಕೊನೆಯಲ್ಲಿ ನೇಗಿಲು ತಿರುಗಿಸಿದ ಎತ್ತಿನ ಹಾಗೆ, ಎಡದಿಂದ ಬಲಕ್ಕೆ ಬರುತ್ತದೆ. ಪದಕ್ಕೂ ಪದಕ್ಕೂ ನಡುವೆ ಒಂದು ನೆಟ್ಟಗೆರೆ. ಅಕ್ಷರಗಳ ಅಂಗಸೌಷ್ಠವ ನೋಡಿದರೆ ಕೆತ್ತಿದವನು ಅಳತೆಗೋಲು ಕೆಳಗಿಟ್ಟಿರಲಾರ ಎನಿಸುತ್ತದೆ. ಸ್ವರ ಬರೆಯದಿದ್ದುದರಿಂದ ಕರಿಬ್‌ಇಲ್ ಎಂದು ನಾವು ಓದುವುದೂ ಬಂಧುಭಾಷೆಗಳ ಆಧಾರದ ಮೇಲೆ ಮಾಡಿಕೊಂಡ ತೀರ್ಮಾನ. ಇದೇ ಲಿಪಿ ಕೆಂಪು ಸಮುದ್ರ ದಾಟಿತು. ಇಥಿಯೋಪಿಯದ ಯೇಹಾದಲ್ಲಿ ಸಬಾ ಶೈಲಿಯ ದೇವಾಲಯ ಇಂದಿಗೂ ಗೋಡೆಸಮೇತ ನಿಂತಿದೆ. ಅಲ್ಲಿನವರು ಕ್ರಿ.ಶ. 4ನೆಯ ಶತಮಾನದ ಹೊತ್ತಿಗೆ ಪ್ರತಿ ವ್ಯಂಜನಕ್ಕೂ ಸ್ವರದ ಗುರುತು ಹಚ್ಚಿ ತಮ್ಮದೇ ಕಾಗುಣಿತ ಮಾಡಿಕೊಂಡರು. ಅಡಿಸ್ ಅಬಾಬಾದ ಅಂಗಡಿ ಬೋರ್ಡುಗಳ ಮೇಲೆ ಇಂದು ಕಾಣುವ ಅಕ್ಷರಗಳ ವಂಶ ಇದೇ.

ಕಲ್ಲಿನ ಬರಹದಲ್ಲಿ ಎಲ್ಲವೂ ‘ಅವನು ಕಟ್ಟಿದನು, ಅವಳು ಒಪ್ಪಿಸಿದಳು’. ‘ನಾನು’, ‘ನೀನು’ ಎಂಬ ಮಾತೇ ಅಪರೂಪ. ಹಾಗಾಗಿ ಆ ರೂಪಗಳು ಹೇಗಿದ್ದವೆಂದು ವಿದ್ವಾಂಸರಿಗೆ ಬಹುಕಾಲ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಜೌಫ್ ಕಣಿವೆಯ ಸೌದಾ ಎಂಬ ಹಾಳೂರಿನಿಂದ ಕೈಬೆರಳುದ್ದದ, ಗೇಣುದ್ದದ ಕಡ್ಡಿಗಳು ಹೊರಬರತೊಡಗಿದವು. ಖರ್ಜೂರದ ಗರಿಯ ದಿಂಡನ್ನು ಕತ್ತರಿಸಿ, ಅದರ ಮೈಮೇಲೆ ಮೊನೆಯಿಂದ ಗೀರಿದ ಅವಸರದ ಬರವಣಿಗೆ. ಮುಸ್ನದ್‌ನ ಠೀವಿ ಇಲ್ಲಿಲ್ಲ. ವಾಲಿದ, ಬಾಗಿದ ಅಕ್ಷರಗಳು, ಓದುವುದೇ ಒಂದು ಶಿಕ್ಷೆ. ಓದಿದಾಗ ಸಿಕ್ಕಿದ್ದು ಕಾಗದ-ಪತ್ರ, ಸಾಲದ ಕರಾರು, ಹೆಸರಿನ ಪಟ್ಟಿ, ಅಕ್ಷರ ತಿದ್ದಿದ ಮಕ್ಕಳ ಅಭ್ಯಾಸ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಶುರುಮಾಡಿ ನೇರ ವ್ಯವಹಾರಕ್ಕೆ ಇಳಿಯುವ ಪತ್ರಗಳು: ಧಾನ್ಯ ಬಂದಿಲ್ಲ, ಬಾಕಿ ಕೊಟ್ಟುಕಳಿಸು. ಇಲ್ಲಿ ‘ನೀನು’ ಇದ್ದಾನೆ. ಇಂಥ ಕಡ್ಡಿಗಳು ಇಂದು ಮ್ಯೂನಿಕ್, ಲೈಡನ್ ಸಂಗ್ರಹಗಳಲ್ಲಿವೆ. ಬಹಳಷ್ಟನ್ನು ಪುರಾತತ್ತ್ವದವರು ಅಗೆದದ್ದಲ್ಲ, ವ್ಯಾಪಾರಿಗಳು ಮಾರಿದ್ದು. ಯಾವ ಮನೆಯ ಯಾವ ಮೂಲೆಯಲ್ಲಿ ಸಿಕ್ಕವು ಎಂಬ ಅರ್ಧ ಕತೆ ಅಲ್ಲೇ ಹೋಯಿತು.

ಹೊರಜಗತ್ತಿಗೆ ಸಬಾ ಎಂದರೆ ಇದಾವುದೂ ಅಲ್ಲ. ಧೂಪ, ರಕ್ತಬೋಳ, ಮತ್ತು ಒಬ್ಬ ರಾಣಿ. ಸೊಲೊಮೋನನನ್ನು ಒಗಟುಗಳಿಂದ ಪರೀಕ್ಷಿಸಲು ಬಂದ ಆ ರಾಣಿ ಬೈಬಲ್ಲಿನಲ್ಲಿದ್ದಾಳೆ, ಕುರ್‌ಆನಿನಲ್ಲಿದ್ದಾಳೆ, ಇಥಿಯೋಪಿಯದ ರಾಜವಂಶದ ಮೂಲಮಾತೆಯಾಗಿದ್ದಾಳೆ. ಸಬಾದ ಸಾವಿರಾರು ಶಾಸನಗಳಲ್ಲಿ ಒಂದರಲ್ಲೂ ಇಲ್ಲ. ಮಾರಿಬ್‌ನ ಜನ ಅವಾಮ್, ಬರಾನ್ ಎರಡಕ್ಕೂ ಅದೇ ರಾಣಿಯ, ಅಂದರೆ ಅವರ ಮಾತಿನ ಬಿಲ್ಕೀಸಳ, ಹೆಸರಿಟ್ಟು ಈ ಕೊರತೆ ತುಂಬಿಕೊಂಡಿದ್ದಾರೆ.

ಧೂಪದ ಅಂಟು ಒಸರುವ ಮರಗಳು ಸಬಾದ ಸೀಮೆಯಲ್ಲಿ ಇದ್ದದ್ದು ಕಡಿಮೆ. ಅವು ಪೂರ್ವದ ಹದ್ರಮೌತ್, ಧೋಫಾರ್ ಕಡೆಯವು. ಸಬಾ ಕೂತಿದ್ದದ್ದು ಒಂಟೆಯ ದಾರಿಯ ಮೇಲೆ. ಆ ದಾರಿಯಲ್ಲಿ ಗಾಜಾ ತಲುಪಲು 65 ತಂಗುದಾಣ, ಮೇವು-ನೀರು-ಸುಂಕ-ಲಂಚ ಎಲ್ಲ ಸೇರಿ ಒಂಟೆಯೊಂದಕ್ಕೆ 688 ದಿನಾರಿ ಖರ್ಚು ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಅಷ್ಟು ಹಣ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿಬರಲು ಅಗಸ್ಟಸ್ ಕ್ರಿ.ಪೂ. 26-25ರಲ್ಲಿ ಏಲಿಯಸ್ ಗ್ಯಾಲಸ್‌ನನ್ನು ಸುಮಾರು 10,000 ಜನರ ದಂಡಿನ ಜೊತೆ ಕಳಿಸಿದ. ದಾರಿ ತೋರಿಸಿದವನು ಸಿಲ್ಲೇಯಸ್ ಎಂಬ ನಬಾತಿ ಮಂತ್ರಿ. ಕಲ್ಲುಬಂಡೆಯ ಕಡಲು, ನೀರಿಲ್ಲದ ನೆಲ, ಕೆಟ್ಟ ನೀರಿನಿಂದ ಬಂದ ರೋಗ. ತಿಂಗಳುಗಟ್ಟಲೆ ಅಲೆದು ಗ್ಯಾಲಸ್ ಒಂದು ಪಟ್ಟಣದ ಮುಂದೆ ಬಂದು ನಿಂತ. ಭೂಗೋಳಕಾರ ಸ್ಟ್ರಾಬೊ ಅದನ್ನು ಮರ್ಸಿಯಾಬ ಎನ್ನುತ್ತಾನೆ. ಮಾರಿಬ್ ಇರಬೇಕೆಂಬುದು ಸಾಮಾನ್ಯ ಅಭಿಪ್ರಾಯ. ಆರು ದಿನ ಮುತ್ತಿಗೆ ಹಾಕಿ, ನೀರಿಲ್ಲದೆ ಎದ್ದುಹೋದ. ನೀರಿಗಾಗಿಯೇ ಹೆಸರಾದ ಊರಿನ ಗೋಡೆಯ ಹೊರಗೆ ನಿಂತು! ಕಾದಾಟದಲ್ಲಿ ಸತ್ತವರು ಏಳೇ ಜನ, ಉಳಿದವರನ್ನು ತಿಂದದ್ದು ಹಸಿವು ಮತ್ತು ರೋಗ ಎಂದು ಗ್ಯಾಲಸ್‌ನ ಗೆಳೆಯನಾಗಿದ್ದ ಸ್ಟ್ರಾಬೊ ಬರೆದು, ತಪ್ಪನ್ನೆಲ್ಲ ಸಿಲ್ಲೇಯಸ್‌ನ ತಲೆಗೆ ಕಟ್ಟಿದ. ಗೆಳೆಯನ ಮಾನ ಉಳಿಯಿತು.

ದಂಡಿಗೆ ಬಗ್ಗದ ಮಾರಿಬ್ ಹಡಗಿಗೆ ಬಗ್ಗಿತು. ಮುಂಗಾರು ಗಾಳಿ ಹಿಡಿದು ಈಜಿಪ್ಟಿನಿಂದ ನೇರ ಭಾರತಕ್ಕೆ ಹೋಗಿಬರುವುದು ಹೆಚ್ಚಿದಂತೆ ಸರಕು ಸಮುದ್ರಕ್ಕೆ ಇಳಿಯಿತು. ಸೊಕೋತ್ರಾ ದ್ವೀಪದ ಹೋಕ್ ಎಂಬ ಆಳವಾದ ಗವಿಯೊಳಗೆ 2000ದ ನಂತರ ಇನ್ನೂರಕ್ಕೂ ಹೆಚ್ಚು ಗೀಚುಬರಹಗಳು ಪತ್ತೆಯಾದವು. ಹೆಚ್ಚಿನವು ಬ್ರಾಹ್ಮಿಯಲ್ಲಿವೆ, ಭರುಕಚ್ಛದಂಥ ಪಶ್ಚಿಮ ಕರಾವಳಿಯ ರೇವುಗಳಿಂದ ಹೋದವರ ಹೆಸರುಗಳು. ಅವುಗಳ ಜೊತೆಗೇ ದಕ್ಷಿಣ ಅರಬ್ಬೀ ಅಕ್ಷರಗಳೂ ಇವೆ. ಯೆಮೆನ್‌ನೊಳಗೆ ಬಲ ಮರಳಿನಂಚಿನಿಂದ ಎತ್ತರದ ಬೆಟ್ಟಸೀಮೆಗೆ, ಜಫಾರ್‌ನ ಹಿಮ್ಯರ್ ಅರಸರ ಕೈಗೆ ಸರಿಯಿತು. ಕ್ರಿ.ಶ. 3ನೆಯ ಶತಮಾನದ ಕೊನೆಯ ಹೊತ್ತಿಗೆ ಸಬಾ ಅವರ ಪಾಲಾಯಿತು. ಆದರೂ ಅವರ ಬಿರುದಿನ ಮೊದಲ ಮಾತು ‘ಸಬಾದ ದೊರೆ’ ಎಂದೇ ಉಳಿಯಿತು, ಬರೆದದ್ದೂ ಸಬಾ ಭಾಷೆಯಲ್ಲೇ. 380ರ ಸುಮಾರಿಗೆ ಅಲ್‌ಮಕಹನ ಹೆಸರು ರಾಜಶಾಸನಗಳಿಂದ ಮರೆಯಾಗಿ, ಏಕದೇವ ರಹ್ಮಾನನ್ ಬಂದ. ದೇವರು ಬದಲಾದರೂ ಏರಿಯ ದುರಸ್ತಿ ತಪ್ಪಲಿಲ್ಲ. 5ನೆಯ ಶತಮಾನದ ನಡುವೆ ಹಿಮ್ಯರ್ ದೊರೆ ಶರಹ್‌ಬಿಲ್ ಯಅಫುರ್ ಮಾಡಿಸಿದ ದುರಸ್ತಿಗೆ ಶಾಸನವಿದೆ. ಅದಾದ ನೂರು ವರ್ಷಕ್ಕೆ ಅಬ್ರಹನದು.

ಅಬ್ರಹನ ನಂತರ ದುರಸ್ತಿಯ ಶಾಸನಗಳೇ ಇಲ್ಲ. ಸಬಾ ಭಾಷೆಯ ತೇದಿಯುಳ್ಳ ಬರಹಗಳು 560ರ ಆಸುಪಾಸಿಗೆ ನಿಂತುಹೋಗುತ್ತವೆ. 570ರ ದಶಕದಲ್ಲಿ ಪರ್ಷಿಯಾದವರು ಯೆಮೆನ್ ಹಿಡಿದರು. ಏರಿ ಕೊನೆಯ ಬಾರಿ ಒಡೆದದ್ದೂ ಆ ಶತಮಾನದ ಕೊನೆಯ ಭಾಗದಲ್ಲೇ. ನೀರಿನ ರಭಸ ಆ ವರ್ಷ ಹೆಚ್ಚಿತ್ತೆಂದು ಹೇಳಲು ಆಧಾರವಿಲ್ಲ. ಕರೆದರೆ ಬರುವ ಕುಲಗಳೂ ಅವರಿಗೆ ಹಾಕುವ ಹಿಟ್ಟೂ ಇರಲಿಲ್ಲ ಎಂಬುದು ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ.

ಅರಬ್ಬೀ ಕತೆಗಾರರಿಗೆ ಇಂಥ ಕಾರಣ ಸಪ್ಪೆ. ಅವರು ಇಲಿ ತಂದರು. ಅಮ್ರ್ ಎಂಬ ದೊರೆಗೆ ತರೀಫಾ ಎಂಬ ಕಣಿ ಹೇಳುವ ಹೆಂಗಸು ಎಚ್ಚರಿಸುತ್ತಾಳೆ: ಏರಿಯ ಬಳಿ ಹೋಗಿ ನೋಡು, ಇಲಿ ಕಲ್ಲುರುಳಿಸುತ್ತಿದ್ದರೆ ನಿನ್ನ ರಾಜ್ಯ ಮುಗಿಯಿತು. ಐವತ್ತು ಆಳು ಕದಲಿಸಲಾರದ ಬಂಡೆಯನ್ನು ಇಲಿ ಕಾಲಿನಿಂದ ಉರುಳಿಸುವುದನ್ನು ಅಮ್ರ್ ಕಣ್ಣಾರೆ ಕಾಣುತ್ತಾನೆ. ಹೇಳಿದರೆ ಹೊಲ ಕೊಳ್ಳುವವರಿರುವುದಿಲ್ಲ. ಅದಕ್ಕೆ ಒಂದು ಹೂಟ: ತುಂಬಿದ ಸಭೆಯಲ್ಲಿ ನನ್ನ ಕೆನ್ನೆಗೆ ಹೊಡೆ ಎಂದು ಮಗನಿಗೆ ಹೇಳಿಕೊಡುತ್ತಾನೆ. ಏಟು ತಿಂದು, ಮಗ ಕೈಮಾಡಿದ ಊರಿನಲ್ಲಿ ಇನ್ನಿರಲಾರೆ ಎಂದು ಎದ್ದು, ಹೊಲ-ತೋಟವನ್ನೆಲ್ಲ ಒಳ್ಳೆಯ ಬೆಲೆಗೆ ಮಾರಿ ಹೊರಟುಬಿಡುತ್ತಾನೆ. ಸಿರಿಯಾದ ಗಸ್ಸಾನ್ ಕುಲ, ಮದೀನಾದ ಔಸ್, ಖಜ್ರಜ್ ಕುಲಗಳು ಹೀಗೆ ಚದುರಿದವರ ಸಂತಾನವಂತೆ. ಕತೆ ಸೊಗಸಾಗಿದೆ, ಕೊಂಡವರ ಗತಿ ಏನಾಯಿತೆಂದು ಮಾತ್ರ ಯಾರೂ ಕೇಳುವುದಿಲ್ಲ. ಅಬ್ರಹನ ಕಂಬವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು: 548ರ ದುರಸ್ತಿಯ ಹೊತ್ತಿಗೆ ರಾಯಭಾರಿಯನ್ನು ಕಳಿಸಿದ ಹಾರಿಸ್ ಬೇರೆ ಯಾರೂ ಅಲ್ಲ, ಗಸ್ಸಾನ್ ಕುಲದ ದೊರೆ.

ಉತ್ತರದ, ದಕ್ಷಿಣದ ತೂಬುಗಳು ಇಪ್ಪತ್ತನೆಯ ಶತಮಾನದಲ್ಲೂ ಗಟ್ಟಿಯಾಗಿಯೇ ನಿಂತಿದ್ದವು. 1986ರಲ್ಲಿ ಕೆಲವು ಕಿಲೋಮೀಟರ್ ಮೇಲಕ್ಕೆ ಅಬುಧಾಬಿಯ ಶೇಖ್ ಝಾಯೆದ್ ಕೊಟ್ಟ ಹಣದಲ್ಲಿ ಹೊಸ ಅಣೆಕಟ್ಟು ಬಂತು. ತಮ್ಮ ಪೂರ್ವಿಕರು ಮಾರಿಬ್‌ನಿಂದ ಬಂದವರೆಂಬುದು ಅವರ ಮನೆತನದ ನಂಬಿಕೆ. 2015ರ ಮೇ ಕೊನೆಯಲ್ಲಿ ಯುದ್ಧವಿಮಾನದ ದಾಳಿಗೆ ಹಳೆಯ ಏರಿಯ ಉತ್ತರದ ತೂಬು ಸಿಕ್ಕಿತು. 2023ರಲ್ಲಿ ಯುನೆಸ್ಕೊ ಮಾರಿಬ್‌ನ ಏಳು ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೂ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಒಟ್ಟೊಟ್ಟಿಗೆ ಸೇರಿಸಿತು.

ಸಬಾದ ಬರಹಗಳು ನಮ್ಮ ಕಾಲಕ್ಕೆ ಬಂದ ದಾರಿಯೂ ಹೇಳಬೇಕಾದದ್ದೇ. ಹತ್ತನೆಯ ಶತಮಾನದ ಯೆಮೆನ್ ಪಂಡಿತ ಹಮ್ದಾನಿಗೆ ಅಕ್ಷರಗಳ ಗುರುತಿತ್ತು, ಭಾಷೆ ಆಗಲೇ ಕೈತಪ್ಪಿತ್ತು. ಯುರೋಪಿನವರು ನಕಲು ಮಾಡಿಕೊಂಡು ಹೋದ ತುಣುಕುಗಳಿಂದ ಜರ್ಮನಿಯ ಗೆಸೇನಿಯಸ್, ರೋಡಿಗರ್ 1841ರಲ್ಲಿ ಲಿಪಿಯನ್ನು ಬಿಡಿಸಿದರು. ಆಮೇಲೆ ಬೇಕಾದದ್ದು ಶಾಸನಗಳು, ಅವಿದ್ದದ್ದು ಹೊರಗಿನವರನ್ನು ಕಂಡರಾಗದ ಕುಲಗಳ ನಡುವೆ. 1869-70ರಲ್ಲಿ ಪ್ಯಾರಿಸಿನ ಜೋಸೆಫ್ ಹಲೇವಿ ಜೆರುಸಲೇಮಿನ ಬಡವರಿಗಾಗಿ ಭಿಕ್ಷೆ ಎತ್ತುವ ರಬ್ಬಿಯ ವೇಷದಲ್ಲಿ ಜೌಫ್, ಮಾರಿಬ್ ಸುತ್ತಿ 686 ಶಾಸನಗಳ ನಕಲಿನೊಂದಿಗೆ ಮರಳಿದ. ಅವನನ್ನು ಕರೆದೊಯ್ದವನು ಹಯ್ಯೀಮ್ ಹಬ್ಶೂಶ್, ಸನಾ ಪಟ್ಟಣದ ಯೆಹೂದಿ ತಾಮ್ರಗೆಲಸದವನು. ಎಷ್ಟೋ ಶಾಸನಗಳನ್ನು ಅಕ್ಷರ ಅಕ್ಷರ ನೋಡಿ ಕಾಗದಕ್ಕಿಳಿಸಿದವನು ಅವನೇ. ಹಲೇವಿಯ ವರದಿಯಲ್ಲಿ ಅವನ ಹೆಸರಿಗೆ ಜಾಗ ಸಿಗಲಿಲ್ಲ.

ಹಲೇವಿಯ ನಂತರ ಬಂದ ಎಡ್ವರ್ಡ್ ಗ್ಲಾಸರ್ ಇನ್ನೊಂದು ಉಪಾಯ ಹೂಡಿದ್ದ: ತಾನು ಹೋಗಲಾಗದ ಕಡೆಗೆ ಹಳ್ಳಿಗರನ್ನೇ ಕಳಿಸಿ, ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವುದನ್ನು ಕಲಿಸಿ, ತಂದದ್ದಕ್ಕೆ ದುಡ್ಡು ಕೊಡುತ್ತಿದ್ದ. ಹಲೇವಿಯ ಜೊತೆ ಹೋದ ಪ್ರಯಾಣವನ್ನು ಬರೆದಿಡೆಂದು ಹಬ್ಶೂಶ್‌ಗೆ ಹೇಳಿದವನೂ ಅವನೇ. ಹಬ್ಶೂಶ್ ಹೀಬ್ರೂವಿನಲ್ಲಿ ಶುರುಮಾಡಿ, ಕೆಲವು ಪುಟಗಳಾದ ಮೇಲೆ ಅದನ್ನು ಬಿಟ್ಟು, ಸನಾದ ಬೀದಿಯ ಅರಬ್ಬಿಗೆ ತಿರುಗಿಕೊಂಡ. ಯಾರ ಮನೆಯಲ್ಲಿ ಉಂಡೆವು, ಯಾವ ಕುಲದವರು ಅಡ್ಡಗಟ್ಟಿದರು, ಯಾವ ಶಾಸನವನ್ನು ತಾನೇ ನಕಲು ಮಾಡಿದೆ ಎಂಬುದನ್ನೆಲ್ಲ ಮನಸ್ಸಿನಲ್ಲಿದ್ದ ಸಿಟ್ಟಿನ ಸಮೇತ ಬರೆದ. ಅದು ಪುಸ್ತಕವಾಗಿ ಅಚ್ಚಾದದ್ದು 1941ರಲ್ಲಿ.